ಬೀಗ ಕಾಯುವವನ ಪರೀಕ್ಷೆ

ಕಂಪ್ಯೂಟರು ಕೋಣೆಗೆ ಬೆಂಕಿ ಬಿದ್ದಿದೆ. ಒಳಗೆ ಕೋಟಿ ಬೆಲೆಯ ಯಂತ್ರಗಳಿವೆ, ಕಂಪೆನಿಯ ಹತ್ತು ವರ್ಷದ ಲೆಕ್ಕಪತ್ರ ಇದೆ, ನಾಲ್ಕು ಜನ ಕೆಲಸಗಾರರೂ ಇದ್ದಾರೆ. ಮೊದಲು ಏನು ಮಾಡಬೇಕು? ಮಾಹಿತಿ ಸುರಕ್ಷತೆಯ ಸರ್ಟಿಫಿಕೇಟಿಗೆ ಓದುವವರ ಅಭ್ಯಾಸದ ಪುಸ್ತಕಗಳಲ್ಲಿ ಇಂಥ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಉತ್ತರ: ಜನರನ್ನು ಹೊರಗೆ ಕಳಿಸು, ಉಳಿದದ್ದು ಆಮೇಲೆ. ಮನುಷ್ಯ ಜೀವದ ಮಾತು ಯಾವ ಉತ್ತರದಲ್ಲಿದೆಯೋ ಅದಕ್ಕೇ ಗುರುತು ಹಾಕಿ, ಯೋಚನೆ ಮಾಡ್ತಾ ಕೂರಬೇಡಿ ಅಂತ ಕೋಚಿಂಗಿನವರು ಹೇಳಿಕೊಡುತ್ತಾರೆ. ಉತ್ತರ ಸರಿ, ಅದರ ಬಗ್ಗೆ ತಕರಾರಿಲ್ಲ. ಆದರೆ ಯೋಚನೆ ಮಾಡದೆ ಸರಿಯಾದದ್ದನ್ನು ಹೇಳಿದವನಿಗೆ ನೀತಿ ಗೊತ್ತಿದೆ ಅಂತ ಕಾಗದ ಬರೆದುಕೊಡಬಹುದೆ?

ಈ ಪರೀಕ್ಷೆ ಏನು ಅನ್ನೋದನ್ನ ಮೊದಲು ಹೇಳಿಬಿಡುತ್ತೇನೆ. ಇಂಥವು ಹಲವು ಇವೆ. ದೊಡ್ಡ ಹೆಸರಿನದು ಸಿ.ಐ.ಎಸ್.ಎಸ್.ಪಿ. 1989ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಐ.ಎಸ್.ಸಿ.2 ಎಂಬ ಸಂಸ್ಥೆ 1994ರಿಂದ ಇದನ್ನು ಕೊಡುತ್ತಿದೆ. ಬೆಂಗಳೂರಿನ ಕಂಪೆನಿಗಳಲ್ಲಿ ಇದಕ್ಕೆ ಬೆಲೆ ಇದೆ. ಎಂಟು ವಿಷಯ. 2024ರ ಏಪ್ರಿಲಿನಿಂದ ಮೂರು ಗಂಟೆ ಹೊತ್ತು, 100ರಿಂದ 150 ಪ್ರಶ್ನೆ. ನಾವು ಕೊಟ್ಟ ಉತ್ತರ ನೋಡಿಕೊಂಡು ಯಂತ್ರವೇ ಮುಂದಿನ ಪ್ರಶ್ನೆ ಆರಿಸುತ್ತದೆ. ಹಿಂದಕ್ಕೆ ಹೋಗಿ ತಿದ್ದುವ ಹಾಗಿಲ್ಲ. 1000ಕ್ಕೆ 700 ಬಂದರೆ ಪಾಸು. 2024ರಲ್ಲಿ ಶುಲ್ಕ 749 ಡಾಲರ್, ಅಂದ್ರೆ ಅರವತ್ತು ಸಾವಿರ ರೂಪಾಯಿಗೂ ಮೇಲೆ. ಪಾಸಾದ ಮೇಲೂ ಐದು ವರ್ಷದ ಅನುಭವ ತೋರಿಸಬೇಕು. ಕಂಪ್ಯೂಟರಿಗೆ ಸಂಬಂಧಪಟ್ಟ ಡಿಗ್ರಿ ಇದ್ದರೆ ಒಂದು ವರ್ಷ ಕಡಿಮೆ. ಈಗಾಗಲೇ ಒಳಗಿರುವ ಒಬ್ಬರು ‘ಇವರನ್ನು ಬಲ್ಲೆ’ ಅಂತ ಸಹಿ ಹಾಕಬೇಕು. ಯಾರೂ ಗೊತ್ತಿಲ್ಲದವರಿಗೆ ಸಂಸ್ಥೆಯೇ ವಿಚಾರಿಸಿ ಸಹಿ ಹಾಕುವ ದಾರಿಯೂ ಇದೆ, ಅದನ್ನು ಮುಚ್ಚಿಡಬಾರದು. ಆದರೂ ಯಾರಿಗೆ ಯಾರ ಪರಿಚಯ ಇರುತ್ತೆ ಅನ್ನೋದು ನಮ್ಮಲ್ಲಿ ಬಹಳ ಸಲ ಹುಟ್ಟಿದ ಬೀದಿಯಿಂದಲೇ ತೀರ್ಮಾನವಾಗಿರುತ್ತೆ. ಇರಲಿ, ಅದು ಬೇರೆಯೇ ಲೇಖನ.

ಬೆಂಕಿಗೆ ವಾಪಸು ಬರೋಣ. ಸುರಕ್ಷತೆಯ ಪಠ್ಯದಲ್ಲಿ ಬಾಗಿಲಿನ ಪಾಠವೊಂದಿದೆ. ಕರೆಂಟು ಹೋದಾಗ ಬೀಗ ತಾನಾಗಿ ತೆರೆದುಕೊಳ್ಳಬೇಕೋ, ಬಿಗಿದುಕೊಳ್ಳಬೇಕೋ? ತೆರೆದುಕೊಂಡರೆ ‘ಫೇಲ್ ಸೇಫ್’, ಬಿಗಿದುಕೊಂಡರೆ ‘ಫೇಲ್ ಸೆಕ್ಯೂರ್’. ಜನ ಓಡಿಹೋಗಬೇಕಾದ ಬಾಗಿಲು ತೆರೆದುಕೊಳ್ಳಬೇಕು. ಎರಡು ಸಾಲಿನಲ್ಲಿ ಮುಗಿಯುವ ಪಾಠ. ಆ ಎರಡು ಸಾಲು ಎಂಥವರ ಹೆಣದ ಮೇಲೆ ಬರೆದದ್ದು ಅಂತ ಪಠ್ಯ ಹೇಳುವುದಿಲ್ಲ.

1911ರ ಮಾರ್ಚ್ 25. ನ್ಯೂಯಾರ್ಕಿನ ಟ್ರಯಾಂಗಲ್ ಕಾರ್ಖಾನೆ. ಹೆಂಗಸರ ಮೇಲಂಗಿ ಹೊಲಿಯುವ ಜಾಗ. ಬೆಂಕಿ ಎದ್ದಾಗ ಒಂಬತ್ತನೆಯ ಮಹಡಿಯ ಒಂದು ಬಾಗಿಲಿಗೆ ಬೀಗ. ಹುಡುಗಿಯರು ಬಟ್ಟೆ ತುಂಡು ಕದ್ದುಕೊಂಡು ಹೋದಾರು ಅಂತ, ಮನೆಗೆ ಹೋಗುವಾಗ ಒಂದೇ ಬಾಗಿಲಲ್ಲಿ ಸಾಲಾಗಿ ನಿಲ್ಲಿಸಿ ಚೀಲ ಬಿಚ್ಚಿಸಿ ನೋಡುತ್ತಿದ್ದರು. ಸತ್ತವರು 146 ಜನ. ಹೆಚ್ಚಿನವರು ಹೊಟ್ಟೆಪಾಡಿಗೆ ವಲಸೆ ಬಂದ ಯಹೂದಿ, ಇಟಾಲಿಯನ್ ಮನೆಗಳ ಹುಡುಗಿಯರು. ಬೆಂಕಿಯಿಂದ ತಪ್ಪಿಸಿಕೊಳ್ಳಲು ಕಿಟಕಿಯಿಂದ ಹಾರಿ ರಸ್ತೆಯ ಮೇಲೆ ಬಿದ್ದು ಸತ್ತವರು ಎಷ್ಟೋ. ಆ ಬೀಗ ಕೆಟ್ಟಿರಲಿಲ್ಲ. ಅದನ್ನು ಯಾಕೆ ಹಾಕಿದ್ದರೋ ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡಿತು. ಬೀಗ ಹಾಕಿದ್ದು ಗೊತ್ತಿತ್ತು ಅಂತ ರುಜುವಾತಾಗಲಿಲ್ಲವೆಂದು ಮಾಲೀಕರಿಬ್ಬರೂ ಅದೇ ವರ್ಷ ಕೋರ್ಟಿನಿಂದ ಬಿಡುಗಡೆಯಾದರು. 1913ರಲ್ಲಿ ಅವರಲ್ಲೊಬ್ಬ ಮತ್ತೆ ಕೆಲಸದ ಹೊತ್ತಲ್ಲಿ ಕಾರ್ಖಾನೆಯ ಬಾಗಿಲಿಗೆ ಬೀಗ ಹಾಕಿ ಸಿಕ್ಕಿಬಿದ್ದ. ದಂಡ 20 ಡಾಲರ್.

ಈ 20 ಡಾಲರನ್ನು ನೆನಪಿಟ್ಟುಕೊಂಡು, ಪರೀಕ್ಷೆಗೆ ಓದುವವರು ಬಾಯಿಪಾಠ ಮಾಡುವ ಲೆಕ್ಕವೊಂದನ್ನು ನೋಡಿ. ಒಂದು ವಸ್ತುವಿನ ಬೆಲೆ ಹತ್ತು ಲಕ್ಷ ಅನ್ನಿ. ಕಳ್ಳತನವೋ ಅಪಘಾತವೋ ಆದರೆ ನೂರಕ್ಕೆ ಇಪ್ಪತ್ತು ಭಾಗ ಹಾಳಾಗುತ್ತೆ. ಒಂದು ಸಲದ ನಷ್ಟ ಎರಡು ಲಕ್ಷ. ನಾಲ್ಕು ವರ್ಷಕ್ಕೊಮ್ಮೆ ಹಾಗಾಗಬಹುದು ಅಂದ್ರೆ ವರ್ಷದ ನಷ್ಟ ಐವತ್ತು ಸಾವಿರ. ಆದ್ದರಿಂದ ಅದನ್ನು ಕಾಯಲಿಕ್ಕೆ ವರ್ಷಕ್ಕೆ ಐವತ್ತು ಸಾವಿರಕ್ಕಿಂತ ಹೆಚ್ಚು ಖರ್ಚು ಮಾಡುವವನು ದಡ್ಡ. ಲೆಕ್ಕ ಅಚ್ಚುಕಟ್ಟಾಗಿದೆ. ರೈತನೂ ಕುರಿಗಿಂತ ದುಬಾರಿ ಬೇಲಿ ಕಟ್ಟುವುದಿಲ್ಲ.

ಆದರೆ ನಷ್ಟ ಯಾರದು? ಒಂದು ಆಸ್ಪತ್ರೆಯ ಕಂಪ್ಯೂಟರಿನಿಂದ ಎಚ್.ಐ.ವಿ. ಇರುವ ಹೆಂಗಸಿನ ಕಾಗದ ಹೊರಗೆ ಬಿತ್ತು ಅನ್ನಿ. ಆಸ್ಪತ್ರೆಗೆ ಆಗುವ ನಷ್ಟ ಒಂದಿಷ್ಟು ದಂಡ, ಒಂದಿಷ್ಟು ಹೆಸರು. ಆಕೆಗೆ ಬಾಡಿಗೆ ಮನೆ ಹೋಗುತ್ತೆ, ಬಾವಿಕಟ್ಟೆಯ ಮಾತು ಹೋಗುತ್ತೆ, ಮಗಳ ಮದುವೆ ನಿಲ್ಲುತ್ತೆ. ಕುರಿ ರೈತನದೇ, ಈ ಕಾಗದ ಆಸ್ಪತ್ರೆಯದಲ್ಲ, ಆಕೆಯದು. ಬೇಲಿಯ ಲೆಕ್ಕ ಹಾಕುವವನು ಒಬ್ಬ, ಕಳೆದುಕೊಳ್ಳುವವಳು ಇನ್ನೊಬ್ಬಳು. ಕಾನೂನು ದೊಡ್ಡ ದಂಡ ಹಾಕಿದಾಗ ಮಾತ್ರ ಆಕೆಯ ನಷ್ಟ ಧಣಿಯ ಪುಸ್ತಕಕ್ಕೆ ಇಳಿಯುತ್ತದೆ. ದಂಡ 20 ಡಾಲರ್ ಆದರೆ ಬೀಗ ಹಾಕುವುದೇ ಲಾಭ.

ಇಷ್ಟು ಹೇಳಿ ಪರೀಕ್ಷೆಯನ್ನು ಬಂಡವಾಳಶಾಹಿ ಕುತಂತ್ರ ಅಂತ ಬೈದು ಮುಗಿಸಬಹುದು. ಸುಲಭ. ಆದರೆ ಅದೇ ಪಠ್ಯದಲ್ಲಿ ಇನ್ನೊಂದು ಪುಟ ಇದೆ. ಸರ್ಟಿಫಿಕೇಟು ಪಡೆಯುವವರೆಲ್ಲ ಒಪ್ಪಬೇಕಾದ ನಾಲ್ಕು ನೀತಿಗಳು. ಮೊದಲನೆಯದು ಸಮಾಜ, ಸಾರ್ವಜನಿಕ ಹಿತ, ಜನರ ನಂಬಿಕೆಯನ್ನು ಕಾಯುವುದು. ಎರಡನೆಯದು ಪ್ರಾಮಾಣಿಕವಾಗಿ, ನ್ಯಾಯವಾಗಿ, ಕಾನೂನಿನಂತೆ ನಡೆಯುವುದು. ಕೆಲಸ ಕೊಟ್ಟವನಿಗೆ ಶ್ರದ್ಧೆಯಿಂದ ದುಡಿಯುವುದು ಮೂರನೆಯದು. ವೃತ್ತಿಯ ಏಳಿಗೆ ಕೊನೆಯದು. ಒಂದಕ್ಕೊಂದು ಡಿಕ್ಕಿ ಹೊಡೆದರೆ ಇದೇ ಕ್ರಮದಲ್ಲಿ ತೀರ್ಮಾನ. ಗಮನಿಸಿ, ಧಣಿ ಮೂರನೆಯ ಸ್ಥಾನದಲ್ಲಿದ್ದಾನೆ! ಸಂಬಳದ ಪುಸ್ತಕವೊಂದರಲ್ಲಿ ಇಷ್ಟು ಬರೆದದ್ದೇ ದೊಡ್ಡದು. ಬರೆದ ಮಾತಿಗೆ ಒಂದು ಗುಣ ಇದೆ: ಬರೆದವನು ಮರೆತರೂ ಓದಿದವನು ಎತ್ತಿ ತೋರಿಸಬಹುದು.

ಎತ್ತಿ ತೋರಿಸುವುದು ಮಾತ್ರ ಗುರುತು ಹಾಕಿದಷ್ಟು ಹಗುರವಲ್ಲ. 2016ರಲ್ಲಿ ಊಬರ್ ಕಂಪೆನಿಯಿಂದ 5 ಕೋಟಿ 70 ಲಕ್ಷ ಜನರ ವಿವರ ಕಳುವಾಯಿತು. ಅದರಲ್ಲಿ ಆರು ಲಕ್ಷ ಡ್ರೈವರುಗಳ ಲೈಸೆನ್ಸ್ ನಂಬರೂ ಇತ್ತು. ಕದ್ದವರಿಗೆ ಒಂದು ಲಕ್ಷ ಡಾಲರ್ ಕೊಟ್ಟು, ಬಾಯಿ ಬಿಡಬಾರದು ಅಂತ ಸಹಿ ಹಾಕಿಸಿಕೊಂಡರು. ಒಂದು ವರ್ಷ ಡ್ರೈವರುಗಳಿಗೆ ಸುದ್ದಿಯೇ ಇಲ್ಲ. ಸುರಕ್ಷತೆಯ ಮುಖ್ಯಸ್ಥನಾಗಿದ್ದ ಜೋ ಸಲಿವನ್ ತಪ್ಪಿತಸ್ಥ ಅಂತ 2022ರಲ್ಲಿ ತೀರ್ಪಾಯಿತು. 2023ರಲ್ಲಿ ಜೈಲಿಲ್ಲದೆ ಮೂರು ವರ್ಷದ ನಿಗಾ. ಆತ ಹಿಂದೆ ಸರ್ಕಾರಿ ವಕೀಲನಾಗಿದ್ದವನು. ಅವನಿಗೆ ಕಾನೂನಿನ ತಿಳಿವಳಿಕೆ ಕಮ್ಮಿ ಇತ್ತು ಅಂತ ಹೇಳೋಕಾಗುತ್ತಾ? ಅಂದಿನ ಕಂಪೆನಿ ಮುಖ್ಯಸ್ಥನ ಮೇಲೆ ಮೊಕದ್ದಮೆಯೇ ಆಗಲಿಲ್ಲ ಅನ್ನೋದನ್ನೂ ಮರೆಯಬೇಡಿ.

ಈಗ ನಮ್ಮ ಹುಡುಗರ ಮಾತು. ಪ್ರಶ್ನೆ ಕದ್ದು ಮಾರುವವರಿದ್ದಾರೆ, ‘ಡಂಪ್’ ಅಂತಾರೆ. ಅರವತ್ತು ಸಾವಿರ ಸಾಲ ಮಾಡಿ ಕಟ್ಟಿರ್ತೀವಿ, ದುಡ್ಡಿದ್ದವನು ಲಕ್ಷ ಕೊಟ್ಟು ಕೋಚಿಂಗ್ ತಗೋತಾನೆ, ನಾವು ಸಾವಿರ ಕೊಟ್ಟು ಡಂಪ್ ತಗೊಂಡ್ರೆ ಯಾವ ಪಾಪ? ಈ ಸಿಟ್ಟು ನನಗೆ ಅರ್ಥವಾಗುತ್ತದೆ. ಶುಲ್ಕದ ಬಗ್ಗೆ ನಾನೂ ಜಗಳಕ್ಕೆ ಬರುತ್ತೇನೆ. ಆದರೆ ಈ ಮಾತಿನ ಒಳಗೂ ಅದೇ ಹಳೇ ಲೆಕ್ಕ ಇದೆ. ಖರ್ಚು ನನ್ನದು, ಲಾಭ ನನ್ನದು. ನಾಳೆ ನಾನು ಕಾಯಬೇಕಾದ ಕಾಗದ ಯಾರದು ಅನ್ನೋದು ಲೆಕ್ಕದಲ್ಲೇ ಇಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಅಕ್ಕಿ ತರುವ ಮುದುಕಿಯದೂ ಇರಬಹುದು. ಪಾಸ್‌ವರ್ಡು ಕಳುವಾದರೆ ಬೇರೆ ಇಟ್ಟುಕೊಳ್ಳಬಹುದು. ಬೆರಳು ಬೇರೆ ಎಲ್ಲಿಂದ ತರುತ್ತಾಳೆ? ಪರೀಕ್ಷೆಯಲ್ಲಿ ಏನೇನು ಬರುತ್ತದೆ ಅನ್ನುವ ವಿಷಯಪಟ್ಟಿ ಗುಟ್ಟಲ್ಲ, ಸಂಸ್ಥೆಯೇ ಪ್ರಕಟಿಸಿದೆ. ನಾಲ್ಕು ಜನ ಸೇರಿ ಒಂದು ಪುಸ್ತಕ ಕೊಂಡು ಕನ್ನಡದಲ್ಲೇ ಜಗಳವಾಡಿಕೊಂಡು ಓದಬಹುದು.

ಹಾಗೆ ಓದುವಾಗ ರಾತ್ರಿ ಪಾಳಿಯ ಹುಡುಗಿಯನ್ನು ಕಣ್ಣಮುಂದೆ ಇಟ್ಟುಕೊಳ್ಳಿ. ಎರಡು ಗಂಟೆಗೆ ಪರದೆಯ ಮೇಲೆ ಸೋರಿಕೆ ಮೊದಲು ಕಾಣುವುದು ಅವಳಿಗೆ, ಕಂಪೆನಿಯ ಎಲ್ಲರಿಗಿಂತ ಕೆಳಗಿರುವವಳಿಗೆ. ಮ್ಯಾನೇಜರು ಫೋನಿನಲ್ಲಿ ‘ಬೆಳಿಗ್ಗೆ ನೋಡೋಣ, ಏನೂ ಬರೀಬೇಡ’ ಅಂತಾನೆ. 2022ರ ಏಪ್ರಿಲಿನ ಆದೇಶದ ಪ್ರಕಾರ ಗೊತ್ತಾದ ಆರು ಗಂಟೆಯೊಳಗೆ ಸರ್ಕಾರದ ಸರ್ಟ್-ಇನ್‌ಗೆ ವರದಿ ಹೋಗಬೇಕು. ಯಾರ ವಿವರ ಸೋರಿತೋ ಅವರಿಗೂ ತಿಳಿಸಬೇಕು ಅಂತ 2023ರ ಕಾಯಿದೆ ಹೇಳುತ್ತದೆ. ನಾಲ್ಕು ನೀತಿಗಳ ಕ್ರಮ ಅವಳಿಗೆ ಬಾಯಿಪಾಠ. ಮನೆ ನಡೆಯುವುದು ಅವಳ ಸಂಬಳದಲ್ಲಿ. ಆ ಹೊತ್ತಿಗೆ ಅವಳ ಕೈಯಲ್ಲಿ ಇರುವುದು ಪಾಳಿಯ ದಾಖಲೆ. ಕಂಡದ್ದು ಏನು, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ, ಫೋನು ಮಾಡಿದ್ದು ಯಾರಿಗೆ, ಅವರು ಹೇಳಿದ್ದು ಏನು, ಅಷ್ಟನ್ನೂ ಅವಳು ಅದರಲ್ಲಿ ಬರೆಯಬಹುದು. ಪಕ್ಕದ ಕುರ್ಚಿಯವನನ್ನು ಎಬ್ಬಿಸಿ ಅವನ ಹೆಸರನ್ನೂ ಕೆಳಗೆ ಬರೆಸಬಹುದು.