ಮುರಿಯದ ಮಾತು

ಸಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಇದೆ. ಅದರಲ್ಲಿ ಉದುರಿದ ಕಾಯಿ ಎಣಿಸುವ ಪದ್ಧತಿಯಿಲ್ಲ. ಮಳೆಯ ಬಾಬತ್ತೇ ನೋಡಿ: ಮಾಪಕದ ಅಂಕಿ ಗೊತ್ತುಪಡಿಸಿದ ಮಿತಿ ದಾಟಿದರೆ ಪರಿಹಾರ, ಇಲ್ಲದಿದ್ದರೆ ಇಲ್ಲ. ಈಗ, ಆಷಾಢದ ಮಳೆ ಬಿಡದೆ ಹೊಯ್ಯುತ್ತಿರುವಾಗ ಮಾಪಕ ಕೆಟ್ಟು ನಿಂತಿತೆನ್ನಿ. ಅಂಕಿ ಮಿತಿ ದಾಟಲಿಲ್ಲ, ಪರಿಹಾರ ಬರಲಿಲ್ಲ, ಕೊಳೆ ಬಂದ ಕಾಯಿ ನೆಲ ಸೇರಿತು. ಆದರೂ ಕರಾರಿನ ಒಂದಕ್ಷರ ಮುರಿದಿಲ್ಲ. ಕೊಟ್ಟ ಮಾತು ಉಳಿಯಿತೆ?

ಚಿಪ್ ವಿನ್ಯಾಸ ಮಾಡುವವರಿಗೆ ಈ ಪ್ರಶ್ನೆ ಹಳೆಯದು. 1994ರಲ್ಲಿ ಪೆಂಟಿಯಂ ಚಿಪ್ಪಿನ ಭಾಗಾಕಾರ ತಪ್ಪುತ್ತದೆಂದು ಬಯಲಾಗಿ, ಇಂಟೆಲ್ 47.5 ಕೋಟಿ ಡಾಲರ್ ನಷ್ಟ ತೋರಿಸಬೇಕಾಯಿತು. ನಾಲ್ಕು ಲೆಕ್ಕ ಹಾಕಿ ನೋಡಿದರೆ ಸಾಲದು, ಗಣಿತದಿಂದಲೇ ಸಾಧಿಸಬೇಕೆಂಬ ಹಟ ಆಮೇಲೆ ಬಲವಾಯಿತು. ಅದಕ್ಕೆ ಮೊದಲು, ಚಿಪ್ ಹೇಗೆ ನಡೆದುಕೊಳ್ಳಬೇಕೆಂಬ ವಾಕ್ಯ ಬರೆಯಬೇಕು. ಇದೇ ಸ್ಪೆಸಿಫಿಕೇಶನ್. 'ಕೋರಿಕೆ ಬಂದಾಗಲೆಲ್ಲ ಉತ್ತರ ಬರಬೇಕು' ಎಂದು ಬರೆದರೆ ತಂತ್ರಾಂಶ ಪರೀಕ್ಷಿಸಿ 'ಸರಿ' ಎನ್ನುತ್ತದೆ. ಆದರೆ ಯಾವುದೋ ತಪ್ಪಿನಿಂದ ಕೋರಿಕೆಯೇ ಒಳಗೆ ಬರದಿದ್ದರೂ ವಾಕ್ಯ ನಿಜವೇ! ಬರದ ಕೋರಿಕೆಗೆ ಉತ್ತರ ಕೊಡದಿರುವುದು ತಪ್ಪಲ್ಲವಲ್ಲ. 1997ರಲ್ಲಿ ಇಸ್ರೇಲಿನ ಹೈಫಾದ ಐಬಿಎಂ ಸಂಶೋಧಕರು ತಮ್ಮ ಅನುಭವ ಬರೆದರು: ಹೊಸ ವಿನ್ಯಾಸದ ಮೊದಮೊದಲ ಪರೀಕ್ಷೆಗಳಲ್ಲಿ ಸುಮಾರು ಶೇ. 20ರಷ್ಟು ವಾಕ್ಯಗಳು ಹೀಗೆ ಬರಿದಾಗಿ ಪಾಸಾಗುತ್ತವೆ. ಅದರ ಹಿಂದೆ ಪ್ರತಿ ಸಲವೂ ನಿಜವಾದ ದೋಷವೊಂದು ಇರುತ್ತದೆ, ವಿನ್ಯಾಸದಲ್ಲೋ, ವಾಕ್ಯದಲ್ಲೋ, ಹೊರಗಿನ ಪರಿಸರದ ಬಗ್ಗೆ ಇಟ್ಟುಕೊಂಡ ಊಹೆಯಲ್ಲೋ.

ಅವರ ಮದ್ದು ಸರಳ. ಕೋರಿಕೆ ನಿಜಕ್ಕೂ ಬಂದು ಉತ್ತರ ಸಿಕ್ಕ ಒಂದಾದರೂ ನಿದರ್ಶನ ತೋರಿಸು ಎಂದು ತಂತ್ರಾಂಶವನ್ನೇ ಕೇಳುವುದು. ವಿನ್ಯಾಸವನ್ನು ಬೇಕೆಂದೇ ಒಂದು ಕಡೆ ಕೆಡಿಸಿ, ವಾಕ್ಯ ಕೂಗಿಕೊಳ್ಳುತ್ತದೆಯೆ ಎಂದು ನೋಡುವುದು ಇನ್ನೊಂದು ದಾರಿ. ಕೂಗದಿದ್ದರೆ ಅದು ಕಾಯುತ್ತಿರಲಿಲ್ಲ, ಗದ್ದೆಯ ಬೆರ್ಚಪ್ಪನ ಹಾಗೆ ನಿಂತಿತ್ತು ಅಷ್ಟೆ.

ವಿಮೆಯನ್ನೂ ಹೀಗೆ ಪರೀಕ್ಷಿಸಬಹುದು. ಮಳೆಗಾಲದಲ್ಲಿ ಮಾಪಕ ಸುಮ್ಮನಿದ್ದರೆ ಪಕ್ಕದ ಪಂಚಾಯ್ತಿಯ ಅಂಕಿ ನೋಡಬೇಕು ಎಂಬಂಥ ಸಾಲಿನಿಂದ ಒಂದು ತೂತು ಮುಚ್ಚುತ್ತದೆ. ಆದರೆ ಮಾಪಕ ಸರಿಯಿದ್ದರೂ ಅದು ಅಳೆಯುವುದು ಮಳೆಯನ್ನು, ಕೊಳೆಯನ್ನಲ್ಲ. ಬೋರ್ಡೋ ಹೊಡೆಯಲು ಬಿಡುವೇ ಕೊಡದೆ ಜಿನುಗುವ ಮಳೆ ಸಣ್ಣ ಅಂಕಿಯಲ್ಲೇ ತೋಟ ಕೆಡಿಸೀತು. ಬೇಕಾದದ್ದು ಒಂದು, ಬರೆಯಲು ಬಂದದ್ದು ಇನ್ನೊಂದು. ಈ ಅಂತರ ತಂತ್ರಾಂಶಕ್ಕೆ ಕಾಣುವಂಥದಲ್ಲ.

'ಬರೆದಂತೆ ನಡೆದೆ' ಎನ್ನುವವನನ್ನು ನಾನು ಸುಳ್ಳುಗಾರನೆನ್ನಲಾರೆ. ವಾಕ್ಯ ಬರಿದೆಂದು ತಿಳಿದ ಮೇಲೂ ಅದನ್ನೇ ಮುಂದಿನ ವರ್ಷಕ್ಕೆ ನಕಲು ಮಾಡಿದರೆ ಮಾತ್ರ ಅನ್ನುತ್ತೇನೆ. ಚಿಪ್ಪಿನ ವಾಕ್ಯ ತಪ್ಪಿದರೆ ನಷ್ಟ ಬರೆದವರ ಕಂಪನಿಗೇ, ಹಾಗಾಗಿ ಬೇಗ ತಿದ್ದುತ್ತಾರೆ. ಕರಾರಿನಲ್ಲಿ ಬರೆಯುವವನು ಒಬ್ಬ, ಮಳೆಯಲ್ಲಿ ನೆನೆಯುವವನು ಇನ್ನೊಬ್ಬ.