ಸೈನ್ಯಶಿಕ್ಷಣವೂ ಕೊಟ್ಟ ಮಾತೂ

ಬ್ಯಾಡಗಿಯ ಕಡೆಯಿಂದ ಹಾವೇರಿಯ ಕಾಲೇಜಿಗೆ ರೈಲಿನಲ್ಲಿ ಬಂದು ಹೋಗುವ ತರುಣನೊಬ್ಬನನ್ನು ವಾಚಕರು ಕಲ್ಪಿಸಿಕೊಳ್ಳಲಿ. ತಂದೆಗೆ ನಾಲ್ಕೆಕರೆ ಮೆಣಸಿನಕಾಯಿಯ ಹೊಲವುಂಟು. ಮಗನು ಶಿಕ್ಷಕನಾಗಬೇಕೆಂಬುದು ಮನೆಯವರ ಆಸೆ, ಮಗನದೂ ಅದೇ. ಆದರೂ ಆತನು ಎನ್.ಸಿ.ಸಿ.ಗೆ ಹೆಸರು ಹಚ್ಚುತ್ತಾನೆ. ಸರಕಾರವು ಕೊಟ್ಟ ಖಾಕಿಯನ್ನು ತೊಡುವನು, ಬಂದೂಕು ಹಿಡಿಯಲು ಕಲಿಯುವನು, ಶಿಬಿರದಲ್ಲಿ ಸರಕಾರದ ಅನ್ನವನ್ನೇ ಉಣ್ಣುವನು. ಸೈನ್ಯವನ್ನು ಸೇರುವ ವಿಚಾರವು ಮಾತ್ರ ಆತನ ಮನಸ್ಸಿನಲ್ಲಿ ಎಳ್ಳಷ್ಟೂ ಇಲ್ಲ. ಉಂಡ ಮನೆಯ ಋಣವನ್ನು ತೀರಿಸದಿರುವುದು ಕೃತಘ್ನತೆಯಲ್ಲವೆ ಎಂದು ಹಿರಿಯರು ಕೇಳುವುದುಂಟು.

ಕಾಯದೆಯ ಉತ್ತರವು ನೇರವಾಗಿದೆ. ಪಂಡಿತ ಹೃದಯನಾಥ ಕುಂಜ್ರೂ ಅವರ ಸಮಿತಿಯ ಸೂಚನೆಯ ಮೇರೆಗೆ 1948ರಲ್ಲಿ ಆದ ಕಾಯದೆಯು, ಈ ಪಡೆಯಲ್ಲಿದ್ದ ಮಾತ್ರಕ್ಕೆ ಯಾರೂ ಯುದ್ಧಸೇವೆಗೆ ಬದ್ಧರಾಗುವುದಿಲ್ಲವೆಂದು ಹೇಳುತ್ತದೆ. ಸರಕಾರವು ತಿಳಿದೇ ವೆಚ್ಚಮಾಡುತ್ತಿರುವಾಗ ವಂಚನೆಯ ಮಾತೆಲ್ಲಿ? ಚೀನಾ ಯುದ್ಧದ ಮರುವರ್ಷ, 1963ರಲ್ಲಿ, ಈ ಶಿಕ್ಷಣವು ಕಾಲೇಜುಗಳಲ್ಲಿ ಕಡ್ಡಾಯವಾಗಿತ್ತು. 1968ರಲ್ಲಿ ಮರಳಿ ಐಚ್ಛಿಕವಾಯಿತು. ಕಡ್ಡಾಯದ ಕಾಲದಲ್ಲಿ ಯಾರ ಉದ್ದೇಶವನ್ನೂ ವಿಚಾರಿಸುವ ಕಾರಣವಿರಲಿಲ್ಲ. ತಾನಾಗಿ ಮುಂದೆ ಬಂದವನಿಗೆ ಮಾತ್ರ ಈ ಪ್ರಶ್ನವು ತಗಲುತ್ತದೆ.

ಮೇಲಾಗಿ, ಶಿಸ್ತು ಸೈನ್ಯದೊಂದರ ಸ್ವತ್ತೇನೂ ಅಲ್ಲ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರಲ್ಲಿ ಹದಿನೆಂಟರ ತರುಣರಾಗಿ ಗಾಂಧೀಜಿಯವರೊಡನೆ ದಾಂಡಿಗೆ ನಡೆದರು. ಅವರ ಶಿಸ್ತು ಆಶ್ರಮದ್ದು, ಬಂದೂಕಿನದಲ್ಲ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದಾಗ ಅದು ಯಾವ ಸಿಪಾಯಿಯ ಶಿಸ್ತಿಗೂ ಕಡಮೆಯಾಗಿರಲಿಲ್ಲ. ಆಶ್ರಮದಲ್ಲಿ ಕಲಿತದ್ದು ಹಳ್ಳಿಯ ಹೋರಾಟಕ್ಕೆ ಬಂದಂತೆ, ಕವಾಯತಿನ ಮೈದಾನದಲ್ಲಿ ಕಲಿತದ್ದು ಶಾಲೆಯ ಕೋಣೆಗೂ ಬಂದೀತು.

ಹಾಗಾದರೆ ತಪ್ಪು ಎಲ್ಲಿ ಹುಟ್ಟುತ್ತದೆ? ಪರಶುರಾಮನು ಕರ್ಣನನ್ನು ಶಪಿಸಿದ್ದು ಆತನು ವಿದ್ಯೆಯನ್ನು ಎಲ್ಲಿ ಬಳಸುವನೆಂಬುದಕ್ಕಲ್ಲ. ಬ್ರಾಹ್ಮಣನೆಂದು ಸುಳ್ಳು ಹೇಳಿ ಅದನ್ನು ಪಡೆದುದಕ್ಕೆ. (ನಿಜ ಹೇಳಿದ್ದರೆ ಕರ್ಣನಿಗೆ ಬಾಗಿಲು ತೆರೆಯುತ್ತಿರಲಿಲ್ಲ, ಆ ದೋಷವು ಗುರುವಿನದು.) ಬ್ಯಾಡಗಿಯ ತರುಣನಿಗೆ ಅಂಥ ಕಷ್ಟವೇನಿದೆ? ನಿಜವಾಡಿದರೆ ಆತನನ್ನು ಹೊರಗಿಡುವ ನಿಯಮವೇ ಇಲ್ಲ.

ಆದರೆ ಸ್ಥಳಗಳು ಮಿತವಾಗಿವೆ. ಬಯಸಿದವರೆಲ್ಲರಿಗೂ ಸಿಗುವುದಿಲ್ಲ, ಓಡಿಸಿ, ಮಾತಾಡಿಸಿ ಆರಿಸುತ್ತಾರೆ. ಅದೇ ಸಾಲಿನಲ್ಲಿ ರಾಣೆಬೆನ್ನೂರಿನ ಹಮಾಲನೊಬ್ಬನ ಮಗನು ನಿಂತಿರಬಹುದು. ಮೂರು ವರುಷ ದುಡಿದು 'ಸಿ' ಪ್ರಮಾಣಪತ್ರವನ್ನು ಒಳ್ಳೆಯ ಶ್ರೇಣಿಯಲ್ಲಿ ಪಡೆದ ಪದವೀಧರನು ಬರವಣಿಗೆಯ ಪರೀಕ್ಷೆಯಿಲ್ಲದೆ ಸೈನ್ಯಾಧಿಕಾರಿಯ ಆಯ್ಕೆಮಂಡಳಿಯ ಮುಂದೆ ನಿಲ್ಲಬಹುದು. ಹಣ ಕೊಟ್ಟು ಪರೀಕ್ಷೆಯ ತರಬೇತಿ ಪಡೆಯಲಾರದವನಿಗೆ ಅದೊಂದೇ ಬಾಗಿಲು. ಇನ್ನೊಬ್ಬನಿಗೆ ಅದೇ ಪತ್ರವು ಅರ್ಜಿಯಲ್ಲಿ ಬರೆಯುವ ಒಂದು ಸಾಲು ಮಾತ್ರ. "ಏಕೆ ಸೇರುವಿ?" ಎಂದು ಕೇಳಿದಾಗ "ಸೈನ್ಯಾಧಿಕಾರಿಯಾಗುವೆನು" ಎಂದು ಬಾಯಿಪಾಠವನ್ನೊಪ್ಪಿಸಿ ಆ ಸ್ಥಳವನ್ನು ಪಡೆದವನು ಸರಕಾರಕ್ಕಿಂತ ಹೆಚ್ಚಾಗಿ ಆ ಹಮಾಲನ ಮಗನಿಗೆ ಋಣಿಯು. ಈ ಋಣವನ್ನು ಯಾವ ಕಾಯದೆಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮನಸ್ಸು ಬದಲಾಗುವುದು ಬೇರೆ. ಹದಿನೆಂಟರಲ್ಲಿ ಸಿಪಾಯಿಯಾಗಬಯಸಿದವನು ಇಪ್ಪತ್ತೊಂದರಲ್ಲಿ ಶಿಕ್ಷಕನಾದರೆ ಯಾರೂ ದೂರಲಾಗದು. ಶಿಕ್ಷಕನಾಗಬೇಕೆಂದು ಬಂದವನೇ ಕೊನೆಗೆ ಸೈನ್ಯಕ್ಕೆ ಹೋದಾನು. ಶಿಕ್ಷಣಕ್ಕೆ ಮೂರು ವರುಷಗಳನ್ನು ಕೊಟ್ಟಿರುವುದೂ ಅದಕ್ಕೇ ಇರಬೇಕು.

"ಶಿಕ್ಷಕನಾಗುವ ವಿಚಾರವಿದೆ, ಸರ್, ಆದರೂ ಕಲಿಯಬೇಕೆಂದು ಬಂದಿದ್ದೇನೆ" ಎಂದು ಆತನು ಹೇಳಬಹುದು. ಆರಿಸುವುದೂ ಬಿಡುವುದೂ ಅಧಿಕಾರಿಯ ಕೆಲಸ. ಹಾಗೆ ಹೇಳಿ ಸ್ಥಳವು ತಪ್ಪಿದರೆ ಸಂಜೆಯ ರೈಲಿನಲ್ಲಿ ಬರಿಗೈಯಿಂದ ಊರಿಗೆ ಮರಳಬೇಕಾದೀತು. "ಬಾಯಿಗೆ ಬಂದದ್ದೊಂದು ಹೇಳಿಬಿಡಬಾರದಿತ್ತೆ?" ಎಂದು ಮನೆಯ ಹಿರಿಯರೇ ಅಂದು ಆತನನ್ನು ಗದರಿಸಿಯಾರು.