ಕರ್ಣಮಲ: ಹೊಲಸೋ ಕಾವಲೋ

ದೇಹದಲ್ಲಿಯೇ ಹುಟ್ಟಿದ ವಸ್ತು ಯಾವ ಹಂತದಲ್ಲಿ ಮಲವೆನಿಸಿಕೊಳ್ಳುತ್ತದೆ ಎಂಬ ಪ್ರಶ್ನೆಗೆ ಕಿವಿಯ ಗುಗ್ಗೆ ಒಂದು ಚಿಕ್ಕ, ಆದರೆ ತೊಡಕಿನ ಉದಾಹರಣೆ. ಮನುಸ್ಮೃತಿಯ ಐದನೆಯ ಅಧ್ಯಾಯವು ಮನುಷ್ಯದೇಹದ 12 ಮಲಗಳನ್ನು ಎಣಿಸುವಾಗ ಮೂತ್ರ, ಕಣ್ಣೀರು, ಬೆವರುಗಳ ಸಾಲಿನಲ್ಲಿಯೇ ಗುಗ್ಗೆಯನ್ನೂ ಇರಿಸಿದೆ. ನವರಾತ್ರಿಯಲ್ಲಿ ಪಾರಾಯಣಗೊಳ್ಳುವ ದೇವೀಮಾಹಾತ್ಮ್ಯದಲ್ಲಿ, ಯೋಗನಿದ್ರೆಯಲ್ಲಿದ್ದ ವಿಷ್ಣುವಿನ ಕರ್ಣಮಲದಿಂದ, ಅಂದರೆ ಇದೇ ಗುಗ್ಗೆಯಿಂದ, ಮಧು-ಕೈಟಭರು ಹುಟ್ಟಿ ಬ್ರಹ್ಮನನ್ನೇ ಕೊಲ್ಲಲು ಮುಂದಾಗುತ್ತಾರೆ. ಎರಡೂ ಕಡೆ ಗುಗ್ಗೆಗೆ ಕಳಂಕವೇ ಅಂಟಿಕೊಂಡಿದೆ.

ಚಿತ್ರದುರ್ಗದ ಮುರುಘಾಮಠ, ಸಿರಿಗೆರೆಯ ತರಳಬಾಳು ಮಠಗಳ ನೆರಳಿನಲ್ಲಿ ಬೆಳೆದ ಶರಣ ಪರಂಪರೆ ಈ ಪ್ರಶ್ನೆಯನ್ನು ಬೇರೆ ದಿಕ್ಕಿನಿಂದ ನೋಡಲು ಕಲಿಸುತ್ತದೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು, ಅಂದರೆ ಮೈಲಿಗೆಗಳನ್ನು, ಅದು ತಿರಸ್ಕರಿಸಿತು. ಷಟ್‌ಸ್ಥಲ ಸಿದ್ಧಾಂತವು ಒಂದೊಂದು ಇಂದ್ರಿಯದಲ್ಲಿ ಒಂದೊಂದು ಲಿಂಗವನ್ನು ಕಂಡು, ಶ್ರೋತ್ರದಲ್ಲಿ, ಎಂದರೆ ಕಿವಿಯಲ್ಲಿ, ಪ್ರಸಾದಲಿಂಗವನ್ನು ನೆಲೆಗೊಳಿಸಿತು. ಮಂತ್ರದೀಕ್ಷೆಯಲ್ಲಿ ಗುರು ಶಿಷ್ಯನ ಕಿವಿಯಲ್ಲಿಯೇ ಪಂಚಾಕ್ಷರಿಯನ್ನು ಉಸುರುತ್ತಾನೆ. ದೀಕ್ಷೆಯಿಂದ ಕಳೆಯಬೇಕಾದ ಮಲಗಳೆಂದು ಶಾಸ್ತ್ರ ಹೇಳುವುದು ಆಣವ, ಮಾಯಾ, ಕಾರ್ಮಿಕ ಎಂಬ ಮಲತ್ರಯವನ್ನು, ಅಂದರೆ ಜೀವವನ್ನು ಕುಗ್ಗಿಸುವ ಮೂರು ಬಂಧನಗಳನ್ನು, ಅವುಗಳಲ್ಲಿ ಗುಗ್ಗೆಯಿಲ್ಲ. ಮಲವೆಂಬ ಒಂದೇ ಶಬ್ದ ಎರಡು ಅರ್ಥಗಳಲ್ಲಿ ಬಳಕೆಯಾದುದರಿಂದಲೇ ದೇಹದ ನಿರಪರಾಧಿ ವಸ್ತುವಿನ ಮೇಲೂ ಆತ್ಮದ ಕೊಳೆಯ ಭಾರ ಬಿದ್ದಿತೆಂದು ತೋರುತ್ತದೆ.

ನಿಜದಲ್ಲಿ ಗುಗ್ಗೆ ಕಿವಿಯ ಕಾವಲುಗಾರ. ಹಿರಿಯೂರಿನ ಬಯಲಿನಲ್ಲಿ ರಾಗಿ ತೂರುವ ಕಣದಿಂದ ಏಳುವ ಧೂಳು ಕಿವಿತಮಟೆಯನ್ನು ಮುಟ್ಟದಂತೆ ಅದು ತನ್ನ ಅಂಟಿನಲ್ಲಿ ಹಿಡಿದಿಡುತ್ತದೆ, ನೀರನ್ನು ತಡೆಯುತ್ತದೆ, ಸೋಂಕನ್ನು ದೂರವಿಡುತ್ತದೆ. ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಕಿವಿನಾಳದ ಚರ್ಮವು ಒಳಗಿನಿಂದ ಹೊರಕ್ಕೆ ನಿಧಾನವಾಗಿ ಸರಿಯುತ್ತಿರುವುದರಿಂದ, ಉಣ್ಣುವಾಗ, ಮಾತಾಡುವಾಗ ದವಡೆಯ ಚಲನೆಯೂ ಸೇರಿ, ಹಳೆಯ ಗುಗ್ಗೆ ತಾನಾಗಿಯೇ ಬಾಗಿಲಿಗೆ ಬರುತ್ತದೆ. ಶುಚಿಯ ಹಂಬಲದಿಂದ ಪಿನ್ನು, ಬೆಂಕಿಕಡ್ಡಿ, ಹತ್ತಿಸುತ್ತಿದ ಕಡ್ಡಿಗಳನ್ನು ತುರುಕುವವರು ಹೊರಬರುತ್ತಿದ್ದುದನ್ನು ಮತ್ತೆ ಒಳಕ್ಕೆ ತಳ್ಳಿ ಗಟ್ಟಿಗೊಳಿಸುತ್ತಾರೆ. ತಮಟೆಯೇ ಹರಿಯುವುದೂ ಉಂಟು. ಮೈಲಿಗೆಯ ಭಯ ಮೈಗೆ ಮಾಡುವ ಗಾಯಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಗುಗ್ಗೆ ಕಟ್ಟಿ ಕಿವಿ ಮಂದವಾದಾಗ ಮಾತ್ರ ಮನುಷ್ಯನ ಕೈ ಬೇಕಾಗುತ್ತದೆ, ಅದೂ ಎಷ್ಟು ಬೇಕೋ ಅಷ್ಟೇ. ಕಿವಿ ಸೋರುತ್ತಿದ್ದರೆ, ನೋಯುತ್ತಿದ್ದರೆ, ತಮಟೆ ಹರಿದಿದ್ದರೆ, ಹಿಂದೆ ಶಸ್ತ್ರಚಿಕಿತ್ಸೆಯಾಗಿದ್ದರೆ ಅಥವಾ ಕಿವಿ ಏಕಾಏಕಿ ಕೇಳದಂತಾದರೆ ವೈದ್ಯರಲ್ಲಿಗೇ ಹೋಗಬೇಕು, ಏನನ್ನೂ ಹಾಕಬಾರದು. ಅಂಥ ತೊಂದರೆಯಿಲ್ಲದ ವಯಸ್ಕರು ಮಗ್ಗುಲಾಗಿ ಮಲಗಿ, ಮುಂಗೈ ಮೇಲೆ ತೊಟ್ಟಿಕ್ಕಿ ಬಿಸಿಯಿಲ್ಲವೆಂದು ನೋಡಿಕೊಂಡ ಶುದ್ಧ ಕೊಬ್ಬರಿ ಎಣ್ಣೆಯ ಎರಡು ಮೂರು ಹನಿಗಳನ್ನು ಬಿಟ್ಟುಕೊಂಡು, ಐದಾರು ನಿಮಿಷ ಕಳೆದ ಮೇಲೆ ಮಗ್ಗುಲು ಬದಲಿಸಬಹುದು. ಹೀಗೆ ಮೂರು ನಾಲ್ಕು ದಿನ ಮಾಡಿದರೆ ಮೆತ್ತಗಾದ ಗುಗ್ಗೆ ಹಳದಿ ಜಿಡ್ಡಾಗಿ ಹೊರಗಿವಿಗೆ ಇಳಿದು ಬರುತ್ತದೆ, ಅಲ್ಲಿ ಅದನ್ನು ಒದ್ದೆಬಟ್ಟೆಯ ತುದಿಯಿಂದ ಒರೆಸಿದರಾಯಿತು.